ಹನ್ನೆರಡು ಬ್ರಾಸ್ ಖಡಿ

ಫೆಬ್ರವರಿ 11, 1935. ಸೋಮವಾರ

ಐದನೆಯ ಇಯತ್ತೆಯ ಮೂವತ್ತೊಂದು ವಹಿ ತಿದ್ದಿ ಮುಗಿಸಿದೆ. ಹದಿನೇಳು ಹುಡುಗಿಯರು ಭಾಗಾಕಾರದಲ್ಲಿ ಸೊನ್ನೆ ನುಂಗಿದ್ದಾರೆ. ನಾಳೆ ಮತ್ತೆ ಮೊದಲಿನಿಂದ.

ಕೆಂಪು ಶಾಯಿ ಮುಚ್ಚುವಷ್ಟರಲ್ಲಿ ತಮ್ಮ ಬಾಳು ಆಫೀಸಿನಿಂದ ಬಂದ. ಕಂಕುಳಲ್ಲಿ ನಕಾಶೆಯ ಸುರುಳಿ. ಮೇ ಆರಕ್ಕೆ ಇಂಗ್ಲೆಂಡಿನ ಬಾದಶಹನ ಇಪ್ಪತ್ತೈದು ವರ್ಷದ ಆಳ್ವಿಕೆಯ ಜುಬಿಲಿಯಲ್ಲವೇ, ಅದಕ್ಕೆಂದು ಪುಣೆಯ ಕ್ಯಾಂಪಿನಲ್ಲಿ ಒಂದು ಕಮಿಟಿ ಹೊಸ ತೋಟ ಮಾಡಿಸುತ್ತಿದೆ. ಬಾಳು ಅಲ್ಲಿ ಟೆಂಪರರಿ ಕ್ಲಾರ್ಕ್. ಚೆನ್ನಾಗಿ ಮಾಡಿದರೆ ಕಾಯಂ ಎಂದು ಓವರ್‌ಸಿಯರ್ ಮಾರ್ತಾಂಡರಾವ್ ಆಸೆ ತೋರಿಸಿದ್ದಾರೆ.

"ಅಕ್ಕಾ, ಇದಕ್ಕ ಖಡಿ ಎಷ್ಟ್ ಬೇಕು, ಲೆಕ್ಕಾ ಮಾಡಿಕೊಡು. ನನಗ ಈ ಗೋಲಂದು ತಿಳೀವಲ್ದು."

ಖಡಿ ಎಂದರೆ ಕರಿಗಲ್ಲಿನ ಸಣ್ಣ ಚೂರು, ಜಲ್ಲಿ. ಕಾಲುದಾರಿಗೆ ಹಾಸಲು, ಕಾರಂಜಿಯ ಸುತ್ತ ಶೋಭೆಗೆ. ದಾರಿ — ಉದ್ದ 320 ಅಡಿ, ಅಗಲ 6, ದಪ್ಪ 4 ಇಂಚು. 640 ಘನ ಅಡಿ. ಕಾರಂಜಿಯ ಸುತ್ತಿನ ಬಳೆ — ಹೊರವ್ಯಾಸ 40, ಒಳವ್ಯಾಸ 12, ದಪ್ಪ ಅರ್ಧ ಅಡಿ. 572. ಒಟ್ಟು 1212. ನೂರು ಘನ ಅಡಿಗೆ ಒಂದು ಬ್ರಾಸ್. ಹನ್ನೆರಡು ಬ್ರಾಸ್, ಮೇಲೊಂದು ಚೂರು. ಒಂದು ಎತ್ತಿನ ಗಾಡಿಗೆ ಕಾಲು ಬ್ರಾಸ್ ಹಿಡಿಯುತ್ತದಂತೆ. ನಲವತ್ತೆಂಟು ಗಾಡಿ.

ಹತ್ತು ನಿಮಿಷದ ಕೆಲಸ. ಬಾಳು ಮೇಲಿನ ಚೂರು ಬಿಟ್ಟು, ತನ್ನ ಅಕ್ಷರದಲ್ಲಿ ನಕಲು ಮಾಡಿ, ಕೆಳಗೆ ತನ್ನ ಸಹಿ ಹಾಕಿದ.

ಸಂತೋಷವಾಯಿತು, ಸುಳ್ಳು ಹೇಳಲಾರೆ. ನನ್ನ ಲೆಕ್ಕ ಶಾಲೆಯ ಗೋಡೆ ದಾಟಿ ನೆಲದ ಮೇಲೆ ಬೀಳುವುದು ಇದೇ ಮೊದಲು.

ಫೆಬ್ರವರಿ 13, ಬುಧವಾರ

ಮಾರ್ತಾಂಡರಾವ್ ಬಾಳುವಿನ ಬೆನ್ನು ತಟ್ಟಿದರಂತೆ. ಬಿ.ಎ. ಆದವರಿಗೂ ಬಳೆಯ ಕ್ಷೇತ್ರಫಲ ಬರುವುದಿಲ್ಲ ಎಂದರಂತೆ. ಬಾಳು ಇದನ್ನು ಹೆಂಡತಿಗೆ ಎರಡು ಸಲ ಹೇಳಿದ. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. ಭಾಮಾ ನನ್ನ ಕಡೆ ನೋಡಿ ನಕ್ಕಳು. ಒಳ್ಳೆಯ ನಗೆಯೇ.

ಕಲ್ಲು ಒಡೆಯುವ ಗುಂಪಿನ ಮುಖಂಡ ಮಲಕಪ್ಪ ಎಂಬವನು ಮಾತ್ರ ಅರವತ್ತು ಗಾಡಿ ಬೇಕಾದೀತು ಎಂದನಂತೆ. ವಿಜಾಪುರದ ಕಡೆಯವನು, ಅಕ್ಷರ ಬಾರದು. ಹೆಚ್ಚು ಗಾಡಿ ಓಡಿಸುವ ಆಸೆ, ಇನ್ನೇನು — ಎಂದೆ. ಬಾಳು ನಕ್ಕ. ನಾನೂ.

ಇವತ್ತು ಭಾಮಾ ಈ ವಹಿಯನ್ನು ತೆರೆದು ನೋಡಿ, ಮುಚ್ಚಿಟ್ಟಳು. ಬೆಳಗಾವಿಯವಳು, ಕಲಿತದ್ದು ಮರಾಠಿ ಶಾಲೆಯಲ್ಲಿ. ಬಾಳು ಪುಣೆಯಲ್ಲೇ ಬೆಳೆದ. ಇಬ್ಬರಿಗೂ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ಮನೆಯಲ್ಲಿ ನನಗೆ ಸ್ವಂತ ಕೋಣೆಯಿಲ್ಲ. ಲಿಪಿ ಇದೆ.

ಫೆಬ್ರವರಿ 24, ಭಾನುವಾರ

ಭಾಮಾ ಹಟ ಮಾಡಿದಳೆಂದು ತೋಟ ನೋಡಲು ಹೋದೆವು. ಇನ್ನೂ ತೋಟವಿಲ್ಲ. ಹೊಸ ಮಣ್ಣು ಸುರಿದ ಬಯಲು, ಮಧ್ಯೆ ಒಣ ಕಾರಂಜಿ, ಮೂಲೆಯಲ್ಲಿ ದೊಡ್ಡ ಕಲ್ಲುಗಳ ಗುಡ್ಡೆ. ಕಮಿಟಿಯ ಇಂಗ್ಲಿಷ್ ಸಾಹೇಬರಿಗೆ ಅದು ಬೆಟ್ಟದ ಹಾಗೆ ಕಾಣಬೇಕಂತೆ. ಸುತ್ತ ಅಷ್ಟೊಂದು ಬೆಟ್ಟವಿರುವಾಗ!

ಮಲಕಪ್ಪನನ್ನು ಕಂಡೆ. ಅರವತ್ತರ ಮೇಲಿರಬೇಕು. ಒಂದೊಂದು ಕಲ್ಲನ್ನೂ ಹಾರೆಯಿಂದ ಹೊರಳಿಸಿ, ಹಿಂದೆ ಸರಿದು ನೋಡಿ, ಮತ್ತೆ ಹೊರಳಿಸುತ್ತಿದ್ದ. ಯಾಕೆ ಹೀಗೆ ಎಂದು ಕನ್ನಡದಲ್ಲಿ ಕೇಳಿದೆ. ಬೆಚ್ಚಿ ತಿರುಗಿ, ನಕ್ಕ.

"ಕಲ್ಲಿಗೂ ಒಂದ್ ಮಕಾ ಇರ್ತದ್ರಿ ಬಾಯಾರ. ಅದನ್ನ ಹೊರಗ ಮಾಡಿ ಕುಂದರ್ಸಬೇಕು."

ಮಗ ಶಿವಪ್ಪ, ಸೊಸೆ ಅಂಬಾ ಬುಟ್ಟಿ ಹೊರುತ್ತಿದ್ದರು. ಅರವತ್ತು ಗಾಡಿಯ ಮಾತನ್ನು ನಾನು ತೆಗೆಯಲಿಲ್ಲ. ಅವನೂ ತೆಗೆಯಲಿಲ್ಲ. ನಾನು ಬರೀ ಕ್ಲಾರ್ಕ್ ಸಾಹೇಬರ ಅಕ್ಕ.

ಮಾರ್ಚ್ 25, ಸೋಮವಾರ

ತಿಂಗಳಾಯಿತು ಬರೆದು. ಪರೀಕ್ಷೆಯ ಗಡಿಬಿಡಿ.

ಬಾಳು ಊಟ ಬಿಟ್ಟ. ಖಡಿ ಸಾಲಲಿಲ್ಲ. ನಲವತ್ತೆಂಟು ಗಾಡಿಯೂ ಬಂದು ಮುಗಿಯಿತು. ಬಳೆ ತುಂಬಿತು. ದಾರಿ ಮಾತ್ರ 230 ಅಡಿಗೆ ನಿಂತುಬಿಟ್ಟಿದೆ. ಗೇಟಿನ ತನಕ ತೊಂಬತ್ತು ಅಡಿ ಬರೀ ಮಣ್ಣು. ಸಾಹೇಬರು ಕೋಲಿನಿಂದ ತೋರಿಸಿ, ಇದೇನು ಎಂದರಂತೆ.

ಲೆಕ್ಕ ನಾಲ್ಕು ಸಲ ನೋಡಿದೆ. ಎಲ್ಲೂ ತಪ್ಪಿಲ್ಲ. ಹಾಗಿದ್ದರೆ ಕಲ್ಲು ಎಲ್ಲೋ ಹೋಗಿರಬೇಕು ಎಂದೆ ಬಾಳುವಿಗೆ.

ಅಂದದ್ದು ನಾನೇ. ಬರೆದಿಡುತ್ತೇನೆ.

ಮಾರ್ಚ್ 26, ಮಂಗಳವಾರ

ಶಿವಪ್ಪನನ್ನು ಪೊಲೀಸ್ ಚೌಕಿಗೆ ಒಯ್ದಿದ್ದಾರೆ.

ಗಾಡಿಗಳು ಬರುವಾಗ ಖಡಿ ಹಲಗೆಯ ಅಂಚಿಗಿಂತ ಎರಡು ಬೆರಳು ಕೆಳಗಿರುತ್ತಿತ್ತು, ನಾನೇ ನೋಡಿದ್ದೇನೆ ಎಂದು ಮಾರ್ತಾಂಡರಾವ್ ಹೇಳಿದರಂತೆ. ಗೇಟಿನ ಕಾವಲುಗಾರನೂ ಹೌದೆಂದನಂತೆ. ದಾರಿಯಲ್ಲಿ ಇಳಿಸಿ ಮಾರಿಕೊಂಡಿದ್ದಾರೆ ಎಂದು ದೂರು. ಗಾಡಿ ಹೊಡೆದವನು ಶಿವಪ್ಪ, ಹಾಗಾಗಿ ಅವನು ಒಳಗೆ. ಅಂದಾಜು ಸರಿಯಾಗಿದೆ, ಹನ್ನೆರಡೇ ಸಾಕಿತ್ತು ಎಂದು ಬಾಳುವಿನಿಂದ ಬರೆಸಿಕೊಂಡಿದ್ದಾರೆ. ಅವನು ಬರೆದುಕೊಟ್ಟಿದ್ದಾನೆ.

ಎಂದರೆ ನಾನು ಬರೆದುಕೊಟ್ಟಿದ್ದೇನೆ.

ಮಾರ್ಚ್ 27, ಬುಧವಾರ

ಶಾಲೆಯಿಂದ ಬಂದಾಗ ವಾಡೆಯ ಬಾಗಿಲಲ್ಲಿ ಮಲಕಪ್ಪ ನಿಂತಿದ್ದ. ಒಳಗೆ ಬಾಳು ಇದ್ದ. ಇಲ್ಲ ಎಂದು ಭಾಮಾಳಿಂದ ಹೇಳಿಸಿದ್ದ. ಮಲಕಪ್ಪ ನಂಬಿ ಕಾಯುತ್ತಿದ್ದ.

ಜೇಜುರಿ ಮಲ್ಲಯ್ಯನ ಆಣೆ ಮಾಡಿದ. ಸೊಂಟದಿಂದ ಭಂಡಾರದ ಚೀಲ ತೆಗೆದು, ಅರಿಶಿನ ಅಂಗೈಗೆ ಸುರಿದುಕೊಂಡು, ಒಂದು ಚೂರು ಕಲ್ಲೂ ಇಳಿಸಿಲ್ಲ ಎಂದ. ಆಣೆ ಬೇಡ, ಎರಡು ಬೆರಳು ಯಾಕೆ ಕಡಿಮೆ ಬಂತು ಅದನ್ನು ಹೇಳು ಎಂದೆ. ಸ್ವಲ್ಪ ಗಡುಸಾಗಿಯೇ ಕೇಳಿದೆನೇನೋ.

"ಕಲ್ಲು ದಾರ್ಯಾಗ ಕುಂದರ್ತಾವ್ರಿ. ಗಾಡಿ ಜಗ್ಗಾಡಿದಂಗ ಒಂದರ ಸಂದ್ಯಾಗ ಒಂದು ಇಳೀತಾವ. ಕೆಳಗ ಸುರದ್ರ ಮತ್ತ ಅಷ್ಟ ಆಗ್ತಾವ. ಇದು ನಮ್ಮ ಹುಡುಗ್ರಿಗೂ ಗೊತ್ತದ."

ದಾರಿಯ ಮಾತು ಕೇಳಿದೆ. ಮಣ್ಣು ಹೊಸದು ಎಂದ. ಮೇಲೆ ರೋಲರ್ ಎಳೆದರೆ ಕೆಳಗಿನ ಖಡಿ ಮಣ್ಣಿಗೆ ಇಳಿಯುತ್ತದೆ, ಮೇಲಿನದು ಬಿಗಿಯುತ್ತದೆ. ನಾಲ್ಕು ಇಂಚು ನಿಲ್ಲಬೇಕಾದರೆ ಐದೂವರೆ ಹಾಕಬೇಕು. ಬಳೆಯ ಕೆಳಗೆ ಇಟ್ಟಿಗೆ ಹಾಸಿದೆ, ರೋಲರ್ ಇಲ್ಲ, ಅಲ್ಲಿ ಸರಿಹೋಯಿತು. ಅದಕ್ಕೇ ಅವತ್ತು ಅರವತ್ತು ಅಂದದ್ದು. ಕ್ಲಾರ್ಕ್ ಸಾಹೇಬರು ನಕ್ಕರು ಎಂದ.

ಹನ್ನೊಂದು ವರ್ಷ ಲೆಕ್ಕ ಕಲಿಸಿದ್ದೇನೆ. ಉದ್ದ, ಅಗಲ, ದಪ್ಪ ಗುಣಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಕಲ್ಲಿನ ಸಂದಿಯಲ್ಲಿ ಗಾಳಿ ಇರುತ್ತದೆಂದು ಹೊಳೆಯಲಿಲ್ಲ. ಕೆಳಗೆ ಮಣ್ಣು ಇರುತ್ತದೆಂದೂ ಇಲ್ಲ.

"ಆ ಲೆಕ್ಕಾ ಬಾಳೂಂದಲ್ಲ ಮಲಕಪ್ಪ. ನಂದು."

ಅಂಗೈಯ ಅರಿಶಿನವನ್ನು ಚೀಲಕ್ಕೆ ಮರಳಿ ಸುರಿದ. ಸಿಟ್ಟಾದರೂ ಮಾಡಬಹುದಿತ್ತು.

"ಹಂಗಾರ ನೀವ ಹೇಳ್ರಿ ಅವರಿಗೆ," ಎಂದ. "ನಾ ಹೇಳಿದ್ರ ಕೇಳಂಗಿಲ್ಲ."

ಮಾರ್ಚ್ 28, ಗುರುವಾರ

ಬಾಳುವಿಗೆ ಎಲ್ಲ ಹೇಳಿದೆ. ನಾಳೆಯೇ ಹೋಗಿ, ಅಂದಾಜು ತಪ್ಪಾಗಿತ್ತು ಎಂದು ಬರೆದುಕೊಡು ಎಂದೆ. ಮುಖ ಸುಣ್ಣದ ಹಾಗಾಯಿತು. ಕೆಲಸ ಹೋಗುತ್ತದೆ ಎಂದ. ಸುಳ್ಳು ಬರೆದುಕೊಟ್ಟೆ ಎಂದು ತನ್ನ ಮೇಲೇ ಬರುತ್ತದೆ ಎಂದ. ಶಿವಪ್ಪನನ್ನು ನಾಲ್ಕು ದಿನ ಇಟ್ಟುಕೊಂಡು ಬಿಡುತ್ತಾರೆ, ಅವರಿಗೆ ಇದೆಲ್ಲ ರೂಢಿ ಎಂದ. ಈ ಕೊನೆಯ ಮಾತಿಗೆ ಭಾಮಾಳೂ ತಲೆ ತಗ್ಗಿಸಿದಳು.

ಹಾಗಾದರೆ ನಾನೇ ಹೋಗುತ್ತೇನೆ ಎಂದೆ.

"ಹೋಗಬ್ಯಾಡ ಅಕ್ಕಾ. ವಿಧವಾ ಅಕ್ಕನ ಕಡೆ ಲೆಕ್ಕಾ ಮಾಡಿಸ್ಕೊಂಡು ಸಹಿ ಮಾಡ್ಯಾನ ಅಂತ ಊರೆಲ್ಲಾ ನಗ್ತದ. ನನ್ನ ಮಾನಾ ಹೋಗ್ತದ."

"ನಿನ್ನ ಮಾನಾ ಹೋಗ್ತದ. ಅವರ ಮಗಾನ ಹೋಗ್ಯಾನ."

ಎದ್ದು ಹೊರಗೆ ಹೋದ. ಚಪ್ಪಲಿ ಬಿಟ್ಟೇ.

ಅವನನ್ನು ದೂರುವುದು ಸುಲಭ. ಎಂಟು ವರ್ಷದವನಿದ್ದಾಗ ಅವ್ವ ತೀರಿದಳು, ಬೆಳೆಸಿದವಳು ನಾನು. ಹೆದರಬೇಡ ಎಂದು ಹೇಳಿಕೊಡುವುದು ಬಿಟ್ಟು ಎಲ್ಲ ಹೇಳಿಕೊಟ್ಟೆ.

ಮಾರ್ಚ್ 30, ಶನಿವಾರ

ಅರ್ಧ ದಿನದ ಶಾಲೆ. ಮಧ್ಯಾಹ್ನ ಮಲಕಪ್ಪನ ಬಿಡಾರಕ್ಕೆ ಹೋಗಿ ಮಾತಾಡಿ ಬಂದೆ. ನಾಳೆ ಬೆಳಗ್ಗೆ ಹತ್ತೂವರೆಗೆ ಸಾಹೇಬರು ಚರ್ಚಿನಿಂದ ನೇರ ತೋಟಕ್ಕೆ ಬರುತ್ತಾರೆ. ಬಾಳುವೇ ಎಂದೋ ಹೇಳಿದ್ದು. ಅಷ್ಟರಲ್ಲಿ ಒಂದು ಗಾಡಿ ಖಡಿ ಅಲ್ಲಿರಬೇಕು. ನಾನು ಖಾಣಿನಿಂದಲೇ, ಕಲ್ಲು ಒಡೆಯುವ ಗಣಿಯಿಂದಲೇ, ಅದರ ಜೊತೆ ಬರುತ್ತೇನೆ. ಕಣ್ಣಾರೆ ನೋಡದೆ ಇನ್ನೊಂದು ಲೆಕ್ಕ ಯಾರಿಗೂ ಹೇಳಲಾರೆ.

ಭಾಮಾಳಿಗೆ ತಿಳಿಸಿದೆ. ಎರಡು ಭಾಕರಿ ಕಟ್ಟಿಟ್ಟಿದ್ದಾಳೆ.

ಮಾರ್ಚ್ 31, ಭಾನುವಾರ. ಮಧ್ಯಾಹ್ನ ಮೂರು ಗಂಟೆ

ಸೊಂಟ ಮುರಿದಂತಾಗಿದೆ. ಸೀರೆಯೆಲ್ಲ ಬೂದಿಬಣ್ಣ. ಮರೆಯುವ ಮೊದಲು ಬರೆಯಬೇಕು.

ಬೆಳಕು ಹರಿಯುವಾಗ ಬಂಡ್ ಪೂಲು ಎಂಬ ಸೇತುವೆಯ ತನಕ ಟಾಂಗಾ. ಅಲ್ಲಿಂದ ಮಲಕಪ್ಪನ ಖಾಲಿ ಗಾಡಿ. ನಗರ ರಸ್ತೆಯ ಆಚೆ ಖಾಣು — ದೊಡ್ಡ ಕೆರೆ ಬತ್ತಿದ ಹಾಗೆ ಗುಂಡಿ, ಗೋಡೆಗೋಡೆಯಾಗಿ ಕರಿಗಲ್ಲು. ಹೆಂಗಸರು ಆಗಲೇ ಸುತ್ತಿಗೆ ಹಿಡಿದು ಕೂತಿದ್ದರು. ಅಂಬಾ ಬುಟ್ಟಿ ತುಂಬಿ ತುಂಬಿ ಗಾಡಿಗೆ ಸುರಿದಳು. ನಾನೂ ಕೈ ಹಾಕಿದೆ. ಹತ್ತು ಬುಟ್ಟಿಗೆ ಅಂಗೈ ಸುಲಿಯಿತು, ಅಂಬಾ ಬುಟ್ಟಿ ಕಸಿದುಕೊಂಡಳು. ಹಲಗೆಯ ಅಂಚಿಗೆ ಸಮವಾಗಿ ತುಂಬಿ, ಮೇಲೆ ಕೋಲು ಎಳೆದೆವು. ಗಾಡಿಯ ಒಳಗೆ ಐದು ಅಡಿ ಉದ್ದ, ಎರಡೂವರೆ ಅಗಲ, ಎರಡು ಎತ್ತರ. ಇಪ್ಪತ್ತೈದು ಘನ ಅಡಿ. ನಾನೇ ಟೇಪು ಹಿಡಿದೆ.

ಬಾಯಾರು ಟಾಂಗಾದಲ್ಲಿ ಬರಲಿ, ಗಾಡಿ ಹಿಂದಿನಿಂದ ಬರುತ್ತದೆ ಎಂದ ಮಲಕಪ್ಪ. ಒಪ್ಪಲಿಲ್ಲ. ದಾರಿಯಲ್ಲಿ ಇಳಿಸಿದಿರಿ, ಸೇರಿಸಿದಿರಿ ಎಂದು ಯಾರೂ ಬಾಯಿ ತೆರೆಯಬಾರದು. ಮುಂದೆ ಒಂದು ಅಡ್ಡಹಲಗೆ ಹಾಕಿಸಿ, ಅದರ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತೆ, ಖಡಿ ಕಾಣುವ ಹಾಗೆ. ಮಲಕಪ್ಪ ಎತ್ತಿನ ಪಕ್ಕ. ಅಂಬಾ ಗಾಡಿಯ ಹಿಂದೆ, ಒಂದು ಕಲ್ಲೂ ಬೀಳದ ಹಾಗೆ ಕಾಯುತ್ತ.

ಅರ್ಧ ಮೈಲಿಗೇ ಕಂಡಿತು. ಚಕ್ರ ಗುಂಡಿಗೆ ಬಿದ್ದಾಗೆಲ್ಲ ಖಡಿ ಸಣ್ಣಗೆ ಗರ್ ಎನ್ನುತ್ತದೆ, ಮೂಲೆಗಳಲ್ಲಿ ಇಳಿಯುತ್ತದೆ. ಯೇರವಡಾ ದಾಟುವಾಗ ಒಂದು ಬೆರಳು. ಪೂಲು ದಾಟಿದ ಮೇಲೆ ಒಂದೂವರೆ. ಇಷ್ಟಕ್ಕೆ ಒಬ್ಬ ಐದು ದಿನದಿಂದ ಒಳಗಿದ್ದಾನೆ.

ಕ್ಯಾಂಪಿನ ರಸ್ತೆಯಲ್ಲಿ ಜನ ನಿಂತು ನೋಡಿದರು. ಅಂಗಡಿಯವರು ಕಟ್ಟೆಗೆ ಬಂದರು. ಒಬ್ಬ ಸೀಟಿ ಹೊಡೆದ. ಟಾಂಗಾದಲ್ಲಿ ನಮ್ಮ ಶಾಲೆಯ ಕಮಿಟಿಯ ವಕೀಲರು ಎದುರಾದರು, ಪಕ್ಕದಲ್ಲಿ ಹೆಂಡತಿ. ಕೈ ಮುಗಿದೆ. ಅವರು ಮುಖ ಆ ಕಡೆ ಮಾಡಿದರು. ನನ್ನ ಸೆರಗು ತಲೆಯಿಂದ ಜಾರಿತ್ತು, ಕೂದಲು ಕಂಡಿರಬೇಕು. ಹದಿನೇಳಕ್ಕೆ ಗಂಡ ತೀರಿಕೊಂಡಾಗ ಕೂದಲು ಕೊಡಲಿಲ್ಲವೆಂದೇ ಧಾರವಾಡ ಬಿಡಬೇಕಾಯಿತು. ಈಗ ಮೂವತ್ತಾರು. ಎರಡೂ ಕೈಯಲ್ಲಿ ಹಲಗೆ ಹಿಡಿದಿದ್ದೆ, ಸೆರಗು ಎಳೆದುಕೊಳ್ಳಲು ಆಗಲಿಲ್ಲ. ಕೈ ಖಾಲಿಯಿದ್ದರೂ ಎಳೆದುಕೊಳ್ಳುತ್ತಿರಲಿಲ್ಲ.

ತೋಟದ ಗೇಟಿನಲ್ಲಿ ಮಾರ್ತಾಂಡರಾವ್. ಅವರ ಕಣ್ಣು ಮೊದಲು ಹೋದದ್ದು ಖಡಿಯ ಮೇಲೆ, ಆಮೇಲೆ ನನ್ನ ಮೇಲೆ. ಇವತ್ತೂ ಎರಡು ಬೆರಳು ಕಡಿಮೆ, ನೋಡಿ ಎಂದು ಸಾಹೇಬರಿಗೆ ತೋರಿಸಿದರು. ಒಳ್ಳೆಯದಾಯಿತು. ಅವರ ಬಾಯಿಂದಲೇ ಬಂತು.

ಬಾಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ನಿಲ್ಲುತ್ತಿತ್ತೋ ಏನೋ.

ನನಗೆ ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ನಾಲಿಗೆ ಹೊರಳದು. ಸಾಹೇಬರಿಗೆ ಮರಾಠಿ ಬರುತ್ತದೆ. ಮರಾಠಿಯಲ್ಲೇ ಹೇಳಿದೆ — ಈ ಅಂದಾಜು ಮಾಡಿದ್ದು ನಾನು, ಶಾಲೆಯ ಮಾಸ್ತರಬಾಯಿ, ಬಾಳಕೃಷ್ಣನ ಅಕ್ಕ. ತಪ್ಪು ನನ್ನದು. ಈ ಜನರದಲ್ಲ. ನಿಮ್ಮದೇ ಅಳತೆಯ ಪೆಟ್ಟಿಗೆ ತರಿಸಿ.

ಹೆಂಗಸರ ಮಾತು ಕೇಳುತ್ತ ನಿಲ್ಲಬೇಡಿ, ಬಿಸಿಲು ಏರುತ್ತಿದೆ ಎಂದರು ಮಾರ್ತಾಂಡರಾವ್. ಸಾಹೇಬರು ಗಡಿಯಾರ ನೋಡಿ, ಹದಿನೈದು ನಿಮಿಷ ಎಂದರು.

ತಳವಿಲ್ಲದ ಮರದ ಪೆಟ್ಟಿಗೆ ಬಂತು. ಗಾಡಿಯದೇ ಅಳತೆ, ಇಪ್ಪತ್ತೈದು ಘನ ಅಡಿ. ಗಾಡಿಯ ಖಡಿಯನ್ನು ನೆಲಕ್ಕೆ ಸುರಿದು, ಬುಟ್ಟಿಯಿಂದ ಪೆಟ್ಟಿಗೆಗೆ ತುಂಬಿದರು. ಅಂಬಾ ಕೊನೆಯ ಬುಟ್ಟಿ ಹಾಕಿ ಕೋಲು ಎಳೆದಳು. ಅಂಚಿಗೆ ಸಮ. ಕೋಲಿಗೆ ತಾಗಿ ನಾಲ್ಕು ಚೂರು ಹೊರಗೂ ಬಿದ್ದವು. ಸಾಹೇಬರು ಖಾಲಿ ಗಾಡಿಯೊಳಗೆ ಇಣುಕಿದರು. ಪೆಟ್ಟಿಗೆಯನ್ನೂ ಇಣುಕಿದರು.

ಆಮೇಲೆ ದಾರಿ. ಒಂದು ಅಡಿ ಉದ್ದ, ಪೂರ್ತಿ ಅಗಲ ಅಗೆಯಿರಿ, ಎಲ್ಲಿ ಬೇಕಾದರೂ ತೋರಿಸಿ ಎಂದೆ. ಸಾಹೇಬರು ಕೋಲಿನಿಂದ ಒಂದು ಕಡೆ ಗೆರೆ ಎಳೆದರು. ನನ್ನ ಲೆಕ್ಕದ ಪ್ರಕಾರ ಅಲ್ಲಿರಬೇಕಾದದ್ದು ಎರಡು ಘನ ಅಡಿ. ಮಣ್ಣು ಜರಡಿ ಹಿಡಿದು ಖಡಿ ತೆಗೆದು ಸುಣ್ಣ ಅಳೆಯುವ ಚಿಕ್ಕ ಪೆಟ್ಟಿಗೆಗೆ ತುಂಬಿದರೆ, ಎರಡೂ ಮುಕ್ಕಾಲು. ಗೇಣುದ್ದ ಕೆಳಗೂ ಚೂರುಗಳು ಸಿಕ್ಕವು. ಇನ್ನೊಂದು ಕಡೆ ಮಾರ್ತಾಂಡರಾವ್ ತೋರಿಸಿದರು, ನನಗೆ ಸೋಲಾಗಲಿ ಎಂದೇ. ಅಲ್ಲಿ ಎರಡೂ ಮುಕ್ಕಾಲಿಗೆ ಒಂದು ಹಿಡಿ ಕಡಿಮೆ.

ನೆಲದ ಮೇಲೆಯೇ ಕಡ್ಡಿಯಿಂದ ಬರೆದೆ. ಎರಡೂ ಮುಕ್ಕಾಲು ಗುಣಿಸು 230 — 632. ಬಳೆಯದು 572. ಕೂಡಿದರೆ 1204. ಬಂದದ್ದು ನಲವತ್ತೆಂಟು ಗಾಡಿ, 1200. ಒಂದು ಬುಟ್ಟಿಯೂ ಎಲ್ಲೂ ಹೋಗಿಲ್ಲ. ಕಳ್ಳ ಇದ್ದರೆ ನೆಲದ ಕೆಳಗಿದ್ದಾನೆ, ಹಿಡಿಯಿರಿ ಎಂದೆ. ಅದು ಸ್ವಲ್ಪ ಹೆಚ್ಚಾಯಿತು.

ಇನ್ನೆಷ್ಟು ಬೇಕು ಎಂದು ಸಾಹೇಬರು ಕೇಳಿದ್ದು ನನ್ನನ್ನು, ಮಾರ್ತಾಂಡರಾವ್ ಅವರನ್ನಲ್ಲ. ತೊಂಬತ್ತು ಅಡಿಗೆ ಹತ್ತು ಗಾಡಿ ಎಂದೆ. ಈ ಮನುಷ್ಯ ಮೊದಲೇ ಅರವತ್ತು ಎಂದು ಹೇಳಿದ್ದ, ನಾವು ಕೇಳಲಿಲ್ಲ ಎಂದೂ ಹೇಳಿದೆ. ಮಲಕಪ್ಪನಿಗೆ ಮರಾಠಿ ತಿಳಿಯುತ್ತದೆ. ತಲೆ ಎತ್ತಿ ನಿಂತ.

ಸಾಹೇಬರು ಚೌಕಿಗೆ ಚೀಟಿ ಬರೆದರು. ಕ್ಷಮಿಸು ಎಂದು ಯಾರೂ ಯಾರಿಗೂ ಅನ್ನಲಿಲ್ಲ. ಬಿಸಿಲಿಗೆ ಟೊಪ್ಪಿಗೆ ಹಾಕಿಕೊಂಡು ಹೋದರು.

ಏಪ್ರಿಲ್ 1, ಸೋಮವಾರ

ಶಿವಪ್ಪ ನಿನ್ನೆ ಸಂಜೆ ಹೊರಗೆ ಬಂದ. ಇವತ್ತು ಶಾಲೆ ಮುಗಿಸಿ ನೋಡಲು ಹೋದೆ. ಎಡಗಾಲು ಎಳೆಯುತ್ತಾನೆ. ಯಾರೂ ಕೇಳುತ್ತಿಲ್ಲ. ನಾನು ಕೇಳಿದೆ. ಬಿದ್ದೆ ಎಂದ. ಅಂಬಾ ಒಳಗೆ ಎದ್ದು ಹೋದಳು.

ನಾನು ಎಷ್ಟು ಚೆನ್ನಾಗಿ ಲೆಕ್ಕ ತೋರಿಸಿದರೂ ಆ ಕಾಲು ಸರಿಯಾಗದು. ಮಾರ್ಚ್ 25ರಂದು ನಾನು ಆಡಿದ ಮಾತು ಇದೇ ವಹಿಯಲ್ಲಿದೆ. ಹರಿದು ಹಾಕುವುದಿಲ್ಲ.

ಬಾಳುವನ್ನು ಕೆಲಸದಿಂದ ತೆಗೆದರು.

ಏಪ್ರಿಲ್ 4, ಗುರುವಾರ. ಯುಗಾದಿ

ಬೇವು ತಿಂದೆವು, ಬೆಲ್ಲ ತಿಂದೆವು, ಮೂವರೂ ಮೂರು ಮೂಲೆ. ಬಾಳು ನನ್ನ ಜೊತೆ ಮಾತು ಬಿಟ್ಟು ಐದು ದಿನ. ಏನಾದರೂ ಬೇಕಿದ್ದರೆ ಭಾಮಾಳಿಗೆ ಹೇಳುತ್ತಾನೆ, ನಾನು ಎದುರಿಗಿದ್ದರೂ.

ಮಲಕಪ್ಪನ ಸುದ್ದಿ ಕೇಳಿ ಹಬ್ಬವಾಯಿತು. ಉಳಿದ ಹತ್ತು ಗಾಡಿಗೆ ಮಾರ್ತಾಂಡರಾವ್ ಹೇಳಿಕಳಿಸಿದರೆ ಇವನು ಎತ್ತು ಹೂಡಲಿಲ್ಲ. ಮೂರು ಸಲ ಜನ ಬಂದರು. ಕೊನೆಗೆ ಅವರೇ ಖಾಣಿಗೆ ಬಂದಾಗ ಎಲ್ಲರೆದುರು ಹೇಳಿದನಂತೆ: "ಕಳ್ಳ ಅಂದ ಬಾಯಿಲೆ ಅಲ್ಲ ಅನ್ರಿ. ಆಮ್ಯಾಲ ಹೂಡ್ತೀನಿ."

ಬೇರೆ ಕಡೆಯಿಂದ ತರಿಸುತ್ತೇನೆ ಎಂದು ಸಿಟ್ಟು ಮಾಡಿ ಹೋದರು. ಜುಬಿಲಿಗೆ ಉಳಿದದ್ದು ಒಂದೇ ತಿಂಗಳು, ಎಲ್ಲ ಖಾಣುಗಳಲ್ಲೂ ಇವನ ನೆಂಟರೇ. ನಿನ್ನೆ ತಿರುಗಿ ಬಂದು, ಶಿವಪ್ಪ ಏನೂ ಕದ್ದಿಲ್ಲ ಎಂದು ಎರಡು ಸಲ ಹೇಳಿದರಂತೆ. ಮೊದಲನೆಯ ಸಲ ಕೇಳಿಸಲಿಲ್ಲ ಎಂದನಂತೆ ಮಲಕಪ್ಪ.

ಏಪ್ರಿಲ್ 9, ಮಂಗಳವಾರ

ಶಾಲೆಯ ಕಮಿಟಿ ಕರೆಸಿತ್ತು. ಐವರು ಮೇಜಿನ ಆ ಕಡೆ, ಮುಖ್ಯ ಬಾಯಿ ರಂಗೂಬಾಯಿ ಪಕ್ಕಕ್ಕೆ. ವಕೀಲರೇ ಮಾತಾಡಿದರು. ಶಿಕ್ಷಕಿಯೊಬ್ಬಳು ಕಲ್ಲಿನ ಗಾಡಿ ಏರಿ, ತಲೆಯ ಮೇಲೆ ಸೆರಗಿಲ್ಲದೆ, ಕೂಲಿಯವರ ಜೊತೆ ಪೇಟೆಯಲ್ಲಿ ಮೆರವಣಿಗೆ ಹೋದರೆ ಪಾಲಕರು ಮಕ್ಕಳನ್ನು ಕಳಿಸುತ್ತಾರೆಯೇ. ತಪ್ಪಾಯಿತು ಎಂದು ಬರೆದುಕೊಟ್ಟರೆ ಮುಗಿಯಿತು. ಕಾಗದ, ಪೆನ್ನು ಮುಂದೆ ಇಟ್ಟರು.

ಬರೆದೆ. ಎರಡು ಪುಟ. ದಾರಿಯ ಉದ್ದ, ಅಗಲ, ದಪ್ಪ. ನಾನು ಮಾಡಿದ ಅಂದಾಜು, ಅದರಲ್ಲಿದ್ದ ತಪ್ಪು, ಆ ತಪ್ಪಿನಿಂದ ಯಾರಿಗೆ ಏನಾಯಿತು, ಹೇಗೆ ತಿದ್ದಿದೆ. ಕೊನೆಯಲ್ಲಿ, ನನ್ನಿಂದಾದ ತಪ್ಪು ಇಷ್ಟೇ, ಗಾಡಿ ಹತ್ತಿದ್ದು ಅದರಲ್ಲಿ ಸೇರಿಲ್ಲ ಎಂದು ಬರೆದು ಸಹಿ ಹಾಕಿದೆ.

ವಕೀಲರು ಓದಿ, ಇದು ಕ್ಷಮಾಪಣೆಯಲ್ಲ ಎಂದರು. ಅಲ್ಲ ಎಂದೆ.

ಹೊರಗೆ ಬಂದೆ. ರಂಗೂಬಾಯಿ ಹಿಂದಿನಿಂದ ಬಂದು, ನೀರು ಕುಡಿಯಿರಿ ಎಂದು ತಂಬಿಗೆ ಕೊಟ್ಟರು. ಹನ್ನೊಂದು ವರ್ಷದಲ್ಲಿ ಅವರು ನನಗೆ ನೀರು ಕೊಟ್ಟದ್ದು ಇದೇ ಮೊದಲು.

ಏಪ್ರಿಲ್ 14, ಭಾನುವಾರ

ರಾಸ್ತಾ ಪೇಟೆಯಲ್ಲಿ ಕೋಣೆ ಹಿಡಿದೆ. ಮಾಳಿಗೆಯ ಮೇಲೆ, ಒಂದು ಕಿಟಕಿ. ಕೆಳಗೆ ತಮಿಳರ ಮನೆ, ಮೊದಲು ಯಜಮಾನ ಯಾರು ಎಂದು ಕೇಳಿದರು. ನಾನೇ ಎಂದೆ.

ಹೋಗು ಎಂದು ಬಾಳು ಅನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ. ಟ್ರಂಕು ಇಳಿಸುವಾಗ ಇನ್ನೊಂದು ತುದಿ ಹಿಡಿದ. ಟಾಂಗಾದಲ್ಲಿಟ್ಟು ಒಳಗೆ ಹೋದ. ಭಾಮಾ ಬೀದಿಯ ತಿರುವಿನ ತನಕ ನಡೆದು ಬಂದಳು.

ಮೇ 6, ಸೋಮವಾರ

ಜುಬಿಲಿ. ಬೆಳಗಿನಿಂದ ಬ್ಯಾಂಡಿನ ಸದ್ದು ಇಲ್ಲಿಯ ತನಕ ಕೇಳುತ್ತಿದೆ. ಹೋಗಲಿಲ್ಲ. ಮಲಕಪ್ಪನವರನ್ನು ಯಾರೂ ಕರೆದಿಲ್ಲ. ದಾರಿ ಗೇಟು ಮುಟ್ಟಿದೆಯಂತೆ. ಹತ್ತು ಗಾಡಿಯಲ್ಲಿ ಮೂರು ಬುಟ್ಟಿ ಉಳಿಯಿತು ಎಂದು ಅಂಬಾ ಹೇಳಿದಳು. ಆ ಮೂರು ಬುಟ್ಟಿಯ ಮೇಲೆ ನನಗೆ ಯಾವ ಬಾದಶಹನಿಗಿಂತಲೂ ಹೆಚ್ಚು ಅಭಿಮಾನ.

ಮೇ 27, ಸೋಮವಾರ

ಶಾಲೆಯಿಂದ ಕಾಗದ. ಕೆಲಸದಿಂದ ತೆಗೆದಿಲ್ಲ. ಐದನೆಯ ಇಯತ್ತೆಯಿಂದ ಎರಡನೆಯದಕ್ಕೆ ಇಳಿಸಿದ್ದಾರೆ. ನಾನೇ ರಾಜೀನಾಮೆ ಕೊಡಲಿ ಎಂಬ ಆಸೆ ಇರಬೇಕು.

ಕೊಡುವುದಿಲ್ಲ. ಎರಡನೆಯ ಇಯತ್ತೆಯವರೂ ಕೂಡುತ್ತಾರೆ, ಕಳೆಯುತ್ತಾರೆ. ಜೂನ್ ಹತ್ತಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತೇನೆ. ಮೊದಲ ದಿನವೇ ಒಂದೊಂದು ಡಬ್ಬಿ, ಒಂದೊಂದು ಸೇರು ಕಡಲೆ. ತುಂಬಿ, ಅಲ್ಲಾಡಿಸಿ, ಎಷ್ಟು ಇಳಿಯಿತು ಎಂದು ಕೇಳುವುದು. ಪುಸ್ತಕ ಆಮೇಲೆ.

ಜೂನ್ 2, ಭಾನುವಾರ. ಸಂಜೆ

ಬಾಳು ಬಂದಿದ್ದಾನೆ. ಏಳು ವಾರದ ಮೇಲೆ. ಮೆಟ್ಟಿಲಲ್ಲಿ ಬಹಳ ಹೊತ್ತು ನಿಂತಿದ್ದ, ಕೆಮ್ಮು ಕೇಳಿಸುತ್ತಿತ್ತು. ನಾನಾಗಿ ಕರೆಯಲಿಲ್ಲ. ಒಳಗೆ ಬಂದು ಭಾಮಾ ಕೊಟ್ಟ ಡಬ್ಬಿ ಇಟ್ಟ. ಕಂಕುಳಲ್ಲಿ ನಕಾಶೆ.

ಘೋರ್ಪಡಿಯಲ್ಲಿ ಒಬ್ಬ ಪಾರ್ಸಿ ಶೇಠರ ಬಂಗಲೆ. ಅಂಗಳಕ್ಕೆ ಖಡಿ, ಕೊಳದ ಸುತ್ತ ದೊಡ್ಡ ಕಲ್ಲು. ಕೆಲಸ ಮಲಕಪ್ಪನಿಗೆ ಸಿಕ್ಕಿದೆ. ಬರೆಯಲು ಬರುವವರು ಬೇಕು ಎಂದಾಗ ಅವನು ಬಾಳುವಿನ ಹೆಸರು ಹೇಳಿದನಂತೆ. ಮಲಕಪ್ಪ, ಇವನ ಹೆಸರು!

"ರೋಲರಿಗೆ ಎಷ್ಟ್ ಹೆಚ್ಚಿಗಿ ಹಿಡೀಬೇಕು ಅಕ್ಕಾ?"

"ಮಲಕಪ್ಪನ ಕೇಳಿದಿ?"

"ಕೇಳೀನಿ. ಎಪ್ಪತ್ತು ಗಾಡಿ ಅಂದಾನ."

ಅಂಗಳದ ಮಣ್ಣು ಹಳೆಯದೋ ಹೊಸದೋ ಕೇಳಿದೆ. ಅರ್ಧ ಹಳೆಯದು. ಎರಡೂ ಭಾಗ ಬೇರೆ ಬೇರೆ ಮಾಡಿದೆವು, ಅವನು ಗುಣಿಸಿದ, ನಾನು ನೋಡಿದೆ. ಅರವತ್ತೆಂಟು ಬಂತು. ಎಪ್ಪತ್ತು ಎಂದೇ ಬರೆ ಎಂದೆ.

ಆಮೇಲೆ ಹೇಳಿದೆ, ಕೆಳಗೆ ನನ್ನ ಹೆಸರು ಇರಬೇಕು. ಇಲ್ಲವಾದರೆ ಈ ಕಾಗದ ಇಲ್ಲೇ ಇರುತ್ತದೆ.

ಶೇಠರು ನಕ್ಕರೆ ಏನು ಮಾಡುವುದು ಎಂದ.

"ನಗಲಿ."

ಕಿಟಕಿಯ ಕಡೆ ನೋಡುತ್ತ ಕೂತ. ಡಬ್ಬಿ ತೆಗೆದು ಎರಡು ತಟ್ಟೆಗೆ ಬಡಿಸಿದೆ. ತಿಂದ. ಕೈ ತೊಳೆದು ಬಂದು ಪೆನ್ನು ತೆಗೆದುಕೊಂಡ.

ಈಗ ನಕಲು ಮಾಡುತ್ತಿದ್ದಾನೆ, ಇಂಗ್ಲಿಷಿನಲ್ಲಿ. ಮೇಜು ಒಂದೇ, ಒಂದು ಕಡೆ ಅವನು, ಒಂದು ಕಡೆ ನಾನು ಇದನ್ನು ಬರೆಯುತ್ತ. ಅಳತೆ ಮುಗಿಯಿತು. ಗಾಡಿ ಮುಗಿಯಿತು. ಅಂದಾಜು ಮಾಡಿದವರು ಎಂಬಲ್ಲಿಗೆ ಬಂದು ನಿಬ್ಬಿನ ಸದ್ದು ನಿಂತಿದೆ. ನನ್ನ ಕಡೆ ನೋಡುತ್ತಿರಬೇಕು. ನಾನು ತಲೆ ಎತ್ತುವುದಿಲ್ಲ, ಅವನಿಗೆ ಓದಲು ಬಾರದ ಅಕ್ಷರದಲ್ಲಿ ಬರೆಯುತ್ತಲೇ ಇರುತ್ತೇನೆ. ಶಾಯಿಯಲ್ಲಿ ಅದ್ದಿದ. ಓರೆಗಣ್ಣಿಗೆ ಕಂಡಿತು, ನನ್ನ ಹೆಸರಿನ ಎಸ್ ಬರೆದ. ಎಚ್. ಎ —